ಬ್ಯಾರನ್ನಿನಲ್ಲಿ ಹದವಾದ ಹಾರ್ಡ್ ಡಿಸ್ಕು

ಕಂಪಲಾಪುರದ ಕಂಠಪ್ಪನವರು ಜೀವಮಾನದಲ್ಲಿ ಯಾವ ವಸ್ತುವನ್ನೂ ಕೇಳಿದ ಬೆಲೆ ಕೊಟ್ಟು ಕೊಂಡವರಲ್ಲ. ಯಾವ ಕೆಲಸವನ್ನೂ ಅದನ್ನು ಬಲ್ಲವರ ಕೈಯಲ್ಲಿ ಮಾಡಿಸಿದವರೂ ಅಲ್ಲ. ಇವೆರಡೂ ಸೇರಿ ಒಂದೇ ಸದ್ಗುಣವಾಗುತ್ತದೆಂದು ಅವರು ನಂಬಿದ್ದರು. ಹೆಂಡತಿ ಸುಕನ್ಯ ಅದಕ್ಕೆ ಬೇರೆಯದೇ ಹೆಸರಿಟ್ಟಿದ್ದಳು. (ಆ ಹೆಸರು ಅಚ್ಚಿನಲ್ಲಿ ಬರತಕ್ಕದ್ದಲ್ಲ.)

ಹೀಗಾಗಿ ನಾದಿನಿ ಮೀನಾಳ ಮದುವೆ ಗೊತ್ತಾಗಿ, ಹೊಸ ಅಗ್ರಹಾರದ ಮಾವ ಗೋವಿಂದಯ್ಯನವರು ಸ್ಟುಡಿಯೋದವನಿಗೆ ಮುಂಗಡ ಕೊಡಲು ಹೊರಟಾಗ ಕಂಠಪ್ಪನವರು ಅಡ್ಡ ನಿಂತರು.

"ದೊಡ್ಡಳಿಯ ಅಂತ ನಾನೊಬ್ಬ ಇರುವಾಗ ಸ್ಟುಡಿಯೋದವನು ಯಾಕೆ ಮಾವ? ಡಿಜಿಟಲ್ ಕ್ಯಾಮೆರಾ ಅಂತ ಬಂದೈತೆ. ರೀಲ್ ಬೇಡ, ತೊಳ್ಸೋದು ಬೇಡ. ನಾನೇ ಹೊಡೀತೀನಿ."

ಡಿಜಿಟಲ್ ಕ್ಯಾಮೆರಾ ಎಂಬುದು ಪಿರಿಯಾಪಟ್ಟಣದ ಕಡೆಗೆ ಆಗ ತಾನೇ ಕಾಲಿಟ್ಟಿತ್ತು. ಕಂಪಲಾಪುರದಲ್ಲಿ ಟೈಪಿಂಗ್ ಸೆಂಟರ್ ಇಟ್ಟಿದ್ದ ಗೆಳೆಯ ನಟರಾಜುವಿನಿಂದ ಎರವಲು ತಂದದ್ದು ಅದು. ಮದುವೆಯ ದಿನ ಕಂಠಪ್ಪನವರು ಅದನ್ನು ಕೊರಳಿಗೆ ತೂಗುಹಾಕಿಕೊಂಡು ಛತ್ರದ ತುಂಬ ಓಡಾಡಿದರು. ಮರುದಿನ ಎಲ್ಲ ಫೋಟೋಗಳನ್ನೂ ಮನೆಯ ಕಂಪ್ಯೂಟರಿಗೆ ಇಳಿಸಿ, ಕ್ಯಾಮೆರಾ ಬರಿದುಮಾಡಿ ಹಿಂತಿರುಗಿಸಿದರು. ಅಷ್ಟರಲ್ಲಿ ಹೊಗೆಸೊಪ್ಪಿನ ನಾಟಿ ಬಂತು. ಒಂದು ಫೋಟೋವನ್ನೂ ಬಿಡಿಸಿ ನೋಡಲು ಪುರುಸೊತ್ತಾಗಲಿಲ್ಲ. ಪ್ರಿಂಟು ಹಾಕಿಸುವ ದರ ಇಳಿಯಲೆಂದು ಕಾಯುವುದೂ ನಡೆದಿತ್ತು.

ದರ ಇಳಿಯಲಿಲ್ಲ, ಆಷಾಢದ ಒಂದು ಬೆಳಿಗ್ಗೆ ಕಂಪ್ಯೂಟರೇ ಪ್ರಾಣ ಬಿಟ್ಟಿತು. ಪರದೆ ಕಪ್ಪಾಯಿತು. ಪೆಟ್ಟಿಗೆಯೊಳಗಿಂದ ಹಲ್ಲಿ ಲೊಚಗುಟ್ಟುವಂಥ ಸದ್ದು ಬರತೊಡಗಿತು. ನಟರಾಜು ಬಂದು ಕಿವಿಯಿಟ್ಟು ಕೇಳಿ, "ಹಾರ್ಡ್ ಡಿಸ್ಕ್ ಹೋಗದೆ ಕಣಣ್ಣ. ಫೋಟೋ ಎಲ್ಲಾ ಅದರೊಳಗೇ," ಎಂದ.

ಸುಕನ್ಯ ಅಡುಗೆಮನೆಯಿಂದ ಸೌಟು ಹಿಡಿದೇ ಹೊರಬಂದಳು. "ಅಂಗಂದ್ರೆ ನನ್ ತಂಗಿ ಮದ್ವೆ?"

"ಮದ್ವೆ ಆಗೋಗದೆ ಬುಡಕ್ಕ. ಫೋಟೋ ಮಾತ್ರ ಹೋಗಿರೋದು."

ಈ ಸಮಾಧಾನದಿಂದ ಅವಳಿಗೆ ಸಮಾಧಾನವಾಗಲಿಲ್ಲ. ಆಷಾಢಕ್ಕೆಂದು ತವರಿಗೆ ಬಂದಿದ್ದ ಮೀನಾಳನ್ನು ಶ್ರಾವಣದಲ್ಲಿ ಹುಣಸೂರಿನ ಗಂಡನ ಮನೆಗೆ ಕಳುಹಿಸಬೇಕಿತ್ತು. ಜೊತೆಗೆ ಮದುವೆಯ ಆಲ್ಬಮ್ಮೂ ಬರಲೆಂದು ಬೀಗರು ಮೊದಲೇ ಹೇಳಿದ್ದರು. ಆಲ್ಬಮ್ಮಿಲ್ಲದೆ ಹೋದರೆ ಮೀನಾ ಅಲ್ಲಿ ತಲೆ ತಗ್ಗಿಸಬೇಕು, ಗೋವಿಂದಯ್ಯನವರು ಇಲ್ಲಿ ತಲೆ ತಗ್ಗಿಸಬೇಕು, ಇವೆಲ್ಲಕ್ಕೂ ಕಾರಣರಾದವರ ಹೆಂಡತಿಯೆಂದು ಸುಕನ್ಯ ಎರಡೂ ಕಡೆ ತಲೆ ತಗ್ಗಿಸಬೇಕು.

"ಮೈಸೂರಿಗೆ ತಕ್ಕೊಂಡೋಗಿ. ಏನಾದ್ರೂ ಮಾಡಿ. ನಮ್ಮಪ್ಪನ ಮುಂದೆ ನಾನು ನಿಂತ್ಕಬೇಕು ಕಣ್ರೀ."

ಕಂಠಪ್ಪನವರು ಮೈಸೂರಿಗೆ ಹೋದರು. ಹೋದ ಬಸ್ಸಿನಲ್ಲೇ ಹಿಂದಿರುಗಿದರು. ಒಳಗಿನದನ್ನು ತೆಗೆದುಕೊಡಲು ಅಂಗಡಿಯವನು ಕೇಳಿದ ಹಣಕ್ಕೆ ಮತ್ತೊಂದು ಕಂಪ್ಯೂಟರೇ ಬರುತ್ತಿತ್ತು. ಅಂಥ ಪಾಪಕಾರ್ಯಕ್ಕೆ ಅವರ ಮನಸ್ಸು ಒಪ್ಪಲಿಲ್ಲ. ಆಗ ನಟರಾಜು, ಯಾರೋ ಹೇಳಿದ್ದನ್ನು ಕೇಳಿದ್ದ ಯಾರೋ ತನಗೆ ಹೇಳಿದ್ದೊಂದು ಉಪಾಯವನ್ನು ಮುಂದಿಟ್ಟ.

"ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಫ್ರಿಜ್ಜಲ್ಲಿ ಇಡಬೇಕಂತೆ ಕಣಣ್ಣ, ಐಸ್ ಕಟ್ಟೋ ಜಾಗದಲ್ಲಿ. ಒಳಗಿನ ಕಬ್ಬಿಣ ಕುಗ್ಗಿ, ಸಿಕ್ಕಾಕ್ಕೊಂಡಿರೋದು ಬಿಟ್ಕಂತದಂತೆ. ಆಮ್ಯಾಕೆ ನನ್ ಕಂಪ್ಯೂಟರಿಗೆ ಸಿಗಿಸಿ, ಬಿಸಿ ಆಗೋ ಅಷ್ಟರಲ್ಲಿ ಬಾಚ್ಕಬೇಕು."

"ಖರ್ಚು?"

"ಕವರಿಂದು ಅಷ್ಟೇಯ."

ಕಂಠಪ್ಪನವರ ಮುಖ ಅರಳಿತು. ಮನೆಯಲ್ಲಿ ಫ್ರಿಜ್ಜಿರಲಿಲ್ಲ, (ಅದನ್ನೂ ಬೆಲೆ ಇಳಿಯುವವರೆಗೆ ಕಾಯ್ದಿರಿಸಲಾಗಿತ್ತು.) ಆದರೆ ಪಶು ಆಸ್ಪತ್ರೆಯಲ್ಲಿ ಲಸಿಕೆ ಇಡುವ ಫ್ರಿಜ್ಜೊಂದಿತ್ತು. ಅದರ ಬೀಗದ ಕೈ ಕಾಂಪೌಂಡರ್ ನಂಜಣ್ಣನ ಬಳಿ ಇತ್ತು. ಕವರಿನೊಳಗಿನ ಡಿಸ್ಕನ್ನು ನಂಜಣ್ಣ ತಿರುಗಿಸಿ ಮುರುಗಿಸಿ ನೋಡಿದ.

"ಏನ್ ಕಾಯಿಲೆ ಇದ್ಕೆ?"

"ಕಾಯಿಲೆ ಮುಗಿದೋಗದೆ. ಜೀವ ಹೋಗದೆ."

"ಜೀವ ಹೋದ್ಮೇಲೇ ಎಲ್ರೂ ನನ್ ತಾವ ತರೋದು," ಎಂದು ನಿಟ್ಟುಸಿರಿಟ್ಟು, ನಂಜಣ್ಣ ಮೀನಾಳ ಮದುವೆಯನ್ನು ಕುರಿ ಲಸಿಕೆಯ ಪಕ್ಕದಲ್ಲಿ ಮಲಗಿಸಿದ.

ಮರುದಿನ ಡಿಸ್ಕನ್ನು ಟೈಪಿಂಗ್ ಸೆಂಟರಿಗೆ ಸಾಗಿಸಿ ಜೋಡಿಸಿದಾಗ ಅದು ಒಮ್ಮೆ ಗುರ್ರೆಂದಿತು, ಹಲ್ಲಿಯಂತೆ ಲೊಚಗುಟ್ಟಿತು, ಸುಮ್ಮನಾಯಿತು. ತಣ್ಣನೆಯ ಲೋಹದ ಮೇಲೆ ಆಷಾಢದ ಗಾಳಿ ತಾಕಿ ಮೈತುಂಬ ನೀರಹನಿ ಕಟ್ಟಿತ್ತು. "ಹಸಿ ಹಿಡೀತು, ಇನ್ನು ಮುಗೀತು," ಎಂದು ನಟರಾಜು ಕೈಚೆಲ್ಲಿದ.

ಹಸಿ ಹಿಡಿದದ್ದನ್ನು ಮುಗಿಯಿತೆಂದು ಕೈಬಿಡುವವರು ಬೇರೆ ಸೀಮೆಯವರಿರಬಹುದು. ಹೊಲದಿಂದ ತೊಯ್ದು ಬಂದ ಹಸಿರು ಹೊಗೆಸೊಪ್ಪನ್ನು ಬ್ಯಾರನ್ನೆಂಬ ಹದಮಾಡುವ ಮನೆಯೊಳಗೆ ನೇತುಹಾಕಿ, ಬಿಸಿಯನ್ನು ಹಂತಹಂತವಾಗಿ ಏರಿಸಿ, ಚಿನ್ನದ ಬಣ್ಣಕ್ಕೆ ತರುವ ವಿದ್ಯೆಯಲ್ಲಿ ಕಂಠಪ್ಪನವರ ತಲೆ ನರೆತಿತ್ತು. ಸೊಪ್ಪಿನಿಂದ ಹೋಗುವ ಹಸಿ ಡಿಸ್ಕಿನಿಂದ ಹೋಗದೆ? ಅಂದು ಅವರ ಬ್ಯಾರನ್ನಿನ ಒಲೆಗೆ ಬೆಂಕಿ ಹಚ್ಚಿದ್ದರು. ಅವರು ಡಿಸ್ಕನ್ನು ಹಳೆಯ ಪಂಚೆಯ ತುಂಡಿನಲ್ಲಿ ಕಟ್ಟಿ, ಬಾಗಿಲ ಬಳಿ, ಕೆಳಗಿನ ಸಾಲಿನ ಕಡ್ಡಿಗೆ, ಸೊಪ್ಪುಗಳ ನಡುವೆ ತೂಗುಬಿಟ್ಟರು. ಒಲೆಗೆ ಸೌದೆ ತಂದ ಸುಕನ್ಯಳಿಗೆ ಅದು ಕಂಡಿತು.

"ಏನ್ರೀ ಅದು ಗಂಟು?"

"ಡಿಸ್ಕು ಕಣೆ. ಸೊಪ್ಪು ಹಳದಿ ತಿರುಗೋ ಬಿಸೀಲಿ ಇದ್ರೆ ಹದಕ್ಕೆ ಬತ್ತದೆ."

"ಅಯ್ಯೋ ನಿಮ್ಮ! ಧಾರೆ ಎರೆಸ್ಕೊಂಡ ಗಂಡು ಹೆಣ್ಣು ಇಬ್ರನ್ನೂ ಹೊಗೆಗೆ ಹಾಕ್ತಿದೀರಲ್ಲ!"

"ಹೊಗೆ ಎಲ್ಲೈತೆ? ಹೊಗೆ ಕೊಳವೇಲಿ ಆಚೆ ಹೋಯ್ತದೆ. ಒಳಕ್ಕೆ ಬರೋದು ಬಿಸಿ ಒಂದೇಯ."

"ಹಳದಿ ಆದ್ಮ್ಯಾಲೆ ಸೊಪ್ಪಿನ ಜೊತೆ ಹರಾಜಿಗೂ ಹಾಕ್ಬುಡಿ. ನಮ್ಮಪ್ಪಂಗೆ ಆಲ್ಬಮ್ ಬದಲು ಗ್ರೇಡ್ ಚೀಟಿ ಕೊಡಾನೆ."

ಭಾನುವಾರ ಗೋವಿಂದಯ್ಯನವರು ಪತ್ನಿ ಚಿಕ್ಕಸಿದ್ದಮ್ಮನವರನ್ನೂ ಮೀನಾಳನ್ನೂ ಕರೆದುಕೊಂಡು ಫೋಟೋ ನೋಡಲು ಬಂದೇಬಿಟ್ಟರು. ಸುಕನ್ಯ ಸೆರಗು ತಿರುಚುತ್ತ ವಿಷಯ ತಿಳಿಸಿದಳು. ಕಂಠಪ್ಪನವರು ಸಿಡಿಲಿಗೆ ಕಾದಂತೆ ಕುಳಿತಿದ್ದರು. ಬಿದ್ದದ್ದು ಮಾತ್ರ ಹೂವು.

"ಹೋಗ್ಲಿ ಬುಡಿ ಅಳಿಯಂದ್ರೆ," ಎಂದರು ಗೋವಿಂದಯ್ಯನವರು. "ಮಿಷನ್ನು ಕೆಟ್ಟೋದ್ರೆ ನೀವೇನ್ ಮಾಡೀರಿ? ಬೀಗರಿಗೆ ನಾನು ಹೇಳ್ತೀನಿ. ನೀವು ಪಟ್ಟ ಕಷ್ಟ ನಮಗೆ ಗೊತ್ತಿಲ್ವೆ?"

"ಧಾರೆ ಹೊತ್ನಲ್ಲಿ ಅದೆಷ್ಟು ಫೋಟೋ ಹೊಡುದ್ರೋ!" ಎಂದು ಚಿಕ್ಕಸಿದ್ದಮ್ಮನವರು ದನಿಗೂಡಿಸಿದರು. "ಫಳ್ ಫಳ್ ಅಂತಿತ್ತು."

ಧಾರೆಯ ಹೊತ್ತಿನಲ್ಲಿ ತಾವು ಎಲ್ಲಿದ್ದಿರಬಹುದೆಂದು ಕಂಠಪ್ಪನವರು ಕ್ಷಣಕಾಲ ಯೋಚಿಸಿದರು. ನೆನಪು ಮಸುಕಾಗಿತ್ತು, ಹೊಗಳಿಕೆ ಸ್ಪಷ್ಟವಾಗಿತ್ತು. "ಹೂಂ ಅತ್ತೆ, ಹಾಲು ಬೀಳೋ ಧಾರೆ ಕೂಡ ಎಣಿಸಂಗೆ ಬಂದಿತ್ತು," ಎಂದುಬಿಟ್ಟರು.

"ಅಷ್ಟೇ ಅಲ್ಲ," ಎಂದು ಗೋವಿಂದಯ್ಯನವರು ಮಗಳ ಕಡೆ ತಿರುಗಿದರು. "ಧಾರೆ ಎರೆಯೋಗಂಟ ಹೆತ್ತೋರು ನಾವು ಒಂದು ತೊಟ್ಟು ನೀರು ಮುಟ್ಟಂಗಿಲ್ಲ. ಅಳಿಯಂದ್ರಿಗೆ ಆ ಕಟ್ಟು ಇಲ್ಲ. ಆದ್ರೂ 'ಮಾವ, ನಿಮ್ ಜೊತೆ ನಾನೂ ಉಪವಾಸ' ಅಂದ್ರು ಕಣವ್ವ. ಸ್ವಂತ ಮಗ ಇದ್ದಿದ್ರೂ ಅಂಗಿರ್ತಿರಲಿಲ್ಲ."

ಸುಕನ್ಯ ಗಂಡನನ್ನು ನೋಡಿದಳು. ಆ ನೋಟದಲ್ಲಿ, ಎಷ್ಟೋ ವರ್ಷಗಳ ಮೇಲೆ, ಮೆಚ್ಚಿಕೆಯಂಥದ್ದೇನೋ ಇತ್ತು.

ವಿವೇಕವುಳ್ಳವರು ಇಲ್ಲಿಗೆ ನಿಲ್ಲಿಸಿ ಊಟಕ್ಕೆ ಏಳುತ್ತಿದ್ದರು. ಕಳೆದುಹೋದ ಫೋಟೋಗಳಷ್ಟು ಸುಂದರವಾದವನ್ನು ಯಾರೂ ತೆಗೆದಿರಲಿಲ್ಲ. ತೆಗೆದವರ ಕೀರ್ತಿಗೂ ಕುಂದಿರಲಿಲ್ಲ. ಆದರೆ ಮೈಸೂರಿನವನು ಹಣಕ್ಕೆ ಕೈಚಾಚಿದ್ದ ಕೆಲಸವನ್ನು ಕಂಪಲಾಪುರದ ಬ್ಯಾರನ್ನು ಪುಕ್ಕಟೆ ಮಾಡಬಲ್ಲದೆಂದು ತೋರಿಸುವ ಹಂಬಲ ಕಂಠಪ್ಪನವರನ್ನು ಕೂರಗೊಡಲಿಲ್ಲ. ಅವರು ಹೇಳಿಕಳುಹಿಸಿದರು, ನಟರಾಜು ತನ್ನ ಕಂಪ್ಯೂಟರನ್ನು ಆಟೋದಲ್ಲಿ ಹೇರಿಕೊಂಡು ಬಂದ. ಗಂಟು ಬಿಚ್ಚಿದಾಗ ಹೊಗೆಸೊಪ್ಪಿನ ಘಾಟಿಗೆ ಮೀನಾ ಸೀನಿದಳು. ಜೋಡಿಸಿದ್ದಾಯಿತು. ಡಿಸ್ಕು ಲೊಚಗುಟ್ಟಲಿಲ್ಲ, ಹೊಟ್ಟೆ ತುಂಬಿದ ಬೆಕ್ಕಿನಂತೆ ಗುರುಗುಟ್ಟಿತು.

"ಬಂತು ಕಣಣ್ಣ!" ಎಂದು ನಟರಾಜು ಫೋಟೋಗಳನ್ನು ತನ್ನ ಕಂಪ್ಯೂಟರಿಗೆ ಬಾಚಿಕೊಳ್ಳುತ್ತ ಕೂಗಿದ. "ಎಲ್ಲಾ ಬತ್ತಾ ಅದೆ!"

"ನೋಡಿ ಮಾವ! ನೋಡೇ ಸುಕನ್ಯಾ!" ಕಂಠಪ್ಪನವರು ನಿಂತಲ್ಲಿಯೇ ಒಂದು ಗೇಣು ಬೆಳೆದರು.

ನೋಡಿದರು. ಚಪ್ಪರ ಬಂತು. ಬಾಳೆಕಂಬ ಬಂತು. ಬೀಗರು ಸಾಲಾಗಿ ನಿಂತಿದ್ದರು, ಕತ್ತಿನವರೆಗೆ. ಮೀನಾಳ ಬೆನ್ನು ಬಂತು, ಜಡೆ ಬಂತು. ತಾಳಿ ಕಟ್ಟುತ್ತಿರುವವನು ಮದುಮಗನೋ ಪುರೋಹಿತರೋ ಎಂಬ ಚರ್ಚೆ ನಡೆದು ಇತ್ಯರ್ಥವಾಗಲಿಲ್ಲ.

"ಧಾರೇದು ಎಲ್ಲಪ್ಪ?" ಎಂದರು ಗೋವಿಂದಯ್ಯನವರು.

ನಟರಾಜು ಹುಡುಕಿದ. "ಇದೊಂದೇ ಇರೋದು."

ಪರದೆಯ ತುಂಬ ಒಂದು ಬಾಳೆ ಎಲೆ. ಎಲೆಯ ಮೇಲೆ ಉಪ್ಪಿಟ್ಟು, ತುಪ್ಪ ಹೊಳೆಯುವ ಕೇಸರಿಬಾತು. ಕೇಸರಿಬಾತಿನೊಳಗೆ ಇಳಿದಿದ್ದ ಒಂದು ಬಲಗೈ. ಎಲೆಯ ಆಚೆಗೆ ಊಟದ ಮನೆಯ ತೆರೆದ ಬಾಗಿಲು. ಅದರಾಚೆ, ದೂರದಲ್ಲಿ, ಪುಟ್ಟದಾಗಿ, ಮಂಟಪ. ಗಂಡು ಹೆಣ್ಣಿನ ಕೈ ಮೇಲೆ ಹಾಲು ಎರೆಯುತ್ತಿರುವ ಗೋವಿಂದಯ್ಯನವರು. ಸುತ್ತ ಅಕ್ಷತೆಗೆತ್ತಿದ ಕೈಗಳು. ಅಡುಗೆಯ ಅಣ್ಣಯ್ಯ 'ನಮ್ಮ ಕೇಸರಿಬಾತಿಂದೂ ಒಂದು ಹೊಡೀರಿ ಸಾಮಿ' ಎಂದು ಬೇಡಿದ್ದು, ಎಡಗೈಯಲ್ಲೇ ಹೊಡೆದದ್ದು, ಎಲ್ಲವೂ ಕಂಠಪ್ಪನವರಿಗೆ ಬಲು ಸ್ಪಷ್ಟವಾಗಿ ನೆನಪಾಯಿತು.

"ಯಾರ ಕೈ ಅದು?" ಎಂದರು ಚಿಕ್ಕಸಿದ್ದಮ್ಮನವರು.

"ದೊಡ್ಡದು ಮಾಡ್ತೀನಿ ಇರಿ," ಎಂದು ಉಪಕಾರಬುದ್ಧಿಯ ನಟರಾಜು ಕೈಯನ್ನು ಹಿಗ್ಗಿಸಿದ. ಬೆರಳಿನಲ್ಲಿ ಕೆಂಪುಕಲ್ಲಿನ ಉಂಗುರ. ಗೋವಿಂದಯ್ಯನವರು ತಾವೇ ಅಳಿಯನಿಗೆ ತೊಡಿಸಿದ್ದ ಉಂಗುರವನ್ನು ಗುರುತಿಸಲು ಕನ್ನಡಕ ಹಾಕಿಕೊಳ್ಳಬೇಕಾಗಲಿಲ್ಲ.

ಡಿಸ್ಕು ಒಮ್ಮೆ ಲೊಚಗುಟ್ಟಿ ಶಾಶ್ವತವಾಗಿ ಕಣ್ಮುಚ್ಚಿತು. ಮಾಡಬೇಕಾದ್ದನ್ನೆಲ್ಲ ಅದು ಮಾಡಿ ಮುಗಿಸಿತ್ತು.

"ಎಲೆ ಇರೋ ಭಾಗ ಕತ್ತರಿಸ್ಬುಡಾನ ನಟರಾಜು," ಎಂದರು ಕಂಠಪ್ಪನವರು, ಕ್ಷೀಣಸ್ವರದಲ್ಲಿ.

"ಎಲೆ ತೆಗುದ್ರೆ ಉಳಿಯೋದು ಸ್ಟಾಂಪಿನಷ್ಟೇ ಕಣಣ್ಣ. ಹಿಗ್ಗಿಸಿದ್ರೆ ಮಸುಕಾಯ್ತದೆ."

"ಕತ್ತರಿಸೋದೇನೂ ಬ್ಯಾಡ," ಎಂದಳು ಸುಕನ್ಯ, ಹಲ್ಲು ಕಚ್ಚಿ. "ಇದ್ದಂಗೇ ಇರ್ಲಿ. ದೊಡ್ಡದಾಗಿ ಹಾಕ್ಸಿ, ಕಟ್ಟು ಹಾಕ್ಸಿ."

ಹಾಗೆಯೇ ಆಯಿತು. ಒಂದು ಪ್ರತಿ ಆಲ್ಬಮ್ಮಿನ ಮೊದಲ ಪುಟವಾಗಿ ಮೀನಾಳೊಡನೆ ಹುಣಸೂರಿಗೆ ಹೋಯಿತು. ಕೇಸರಿಬಾತಿಗೆ ತುಪ್ಪ ಧಾರಾಳವಾಗಿ ಬಿದ್ದಿತ್ತೆಂದು ಬೀಗರು ಮೆಚ್ಚಿ ಹೇಳಿಕಳುಹಿಸಿದರು. ಇನ್ನೊಂದು ಹೊಸ ಅಗ್ರಹಾರದ ಮನೆಯ ನಡುಗೋಡೆಗೆ ಏರಿತು. ಬಂದವರು ಮಂಟಪವನ್ನು ಕಣ್ಣು ಕಿರಿದುಮಾಡಿ ಹುಡುಕಿ ನೋಡಿ, ಆಮೇಲೆ ಈ ಕೈ ಯಾರದೆಂದು ಕೇಳುತ್ತಾರೆ.

"ನಮ್ಮ ದೊಡ್ಡಳಿಯಂದ್ರುದು," ಎನ್ನುತ್ತಾರೆ ಗೋವಿಂದಯ್ಯನವರು, ಗಂಭೀರವಾಗಿ. "ಫೋಟೋ ತೆಗುದೋರೂ ಅವರೇ. ಒಂದು ಪೈಸೆ ಖರ್ಚಾಗ್ಲಿಲ್ಲ."