ಸುಮ್ನೆ ಮಾತಾಡೋಕೆ ಬಂದವನು

ನಾನು ಯಾರಿಗಾದರೂ ಗುಂಡಿ ತೋಡಿದರೆ ಅದರಲ್ಲಿ ನೀರು ಬಂದು ಅವರಿಗೆ ಬಾವಿಯಾಗುತ್ತದೆ. ಎಲ್ಲೋ ಒಂದು ಸಲ ಆದದ್ದಲ್ಲ ಇದು, ನನ್ನ ಹಣೆಬರಹದಲ್ಲಿ ಹೀಗೆ ಆಗುತ್ತಲೇ ಇರುತ್ತದೆ.

ತೋಲ್ಪೆಟ್ಟಿಯಲ್ಲಿ ನಮ್ಮದು ಕನ್ನಡದವರ ಸಣ್ಣ ಕೇರಿ. ಅಪ್ಪ ಮೈಸೂರು ಕಡೆಯಿಂದ ಮೆಣಸಿನಕಾಯಿ, ಬೆಲ್ಲ, ಹೊಗೆಸೊಪ್ಪು ತರಿಸಿ ಅಂಗಡಿ ಇಟ್ಟಿದ್ದ. ನಾನು ಆರನೇ ಕ್ಲಾಸಿನಲ್ಲಿ ಇಸ್ಕೂಲು ಬಿಟ್ಟೆ. ಬಿಟ್ಟೆ ಅನ್ನೋದು ನನ್ನ ಮಾತು, ಓಡಿಸಿದೆ ಅನ್ನೋದು ಮೇಷ್ಟರ ಮಾತು. ಅಷ್ಟರೊಳಗೆ ಮಲಯಾಳ ಮಾತ್ರ ನಾಲಿಗೆಗೆ ಚೆನ್ನಾಗಿ ಹತ್ತಿತ್ತು.

ಗದ್ದೆಯ ಆಚೆ ನನ್ನ ಸೋದರಮಾವನ ಮನೆ, ಅಂದರೆ ಅಮ್ಮನ ಅಣ್ಣನದು. ಅವನು ಗುಂಡ್ಲುಪೇಟೆ ಕಡೆಯಿಂದ ಇತ್ತೀಚೆಗೆ ಸಂಸಾರ ಸಮೇತ ಬಂದು ಬೇಸಾಯ ಹೂಡಿದ್ದ. ಅವನಿಗೊಬ್ಬಳು ಮಗಳು. ನನಗೆ ಹತ್ತೊಂಬತ್ತು, ಅವಳಿಗೂ ಹೆಚ್ಚುಕಮ್ಮಿ ಅಷ್ಟೇ. ನಮ್ಮಲ್ಲಿ ಸೋದರಮಾವನ ಮಗಳು ಅಂದರೆ ಕೇಳೋದೇ ಬೇಡ, ಅಳಿಯನಿಗೆ ಅಂತಲೇ ಇಟ್ಟ ಹಾಗೆ. ಹಾಗಂತ ನಾನು ನಿಶ್ಚಿಂತೆಯಿಂದ ಇದ್ದೆ. ಇದು ಅವಳಿಗೆ ಗೊತ್ತಿದೆಯೋ ಇಲ್ಲವೋ ಅಂತ ವಿಚಾರಿಸೋದು ಮಾತ್ರ ನನಗೆ ಹೊಳೆದಿರಲಿಲ್ಲ.

೧. ಬಾಚಣಿಗೆ

ತೆಂಕಣ ತಿರುವಿತಾಂಕೂರಿನಿಂದ ಜನ ಸಾಲುಸಾಲಾಗಿ ಬೆಟ್ಟ ಹತ್ತಿ ಬರುತ್ತಿದ್ದ ವರ್ಷಗಳವು. ಬಂದವರೆಲ್ಲ ಒಂದೇ ಥರ: ತಲೆ ಮೇಲೆ ಗಂಟು, ಕಂಕುಳಲ್ಲಿ ಮರಗೆಣಸಿನ ಕಡ್ಡಿ, ಹಿಂದೆ ಅಳುವ ಮಕ್ಕಳು. ಇವನೊಬ್ಬ ಮಾತ್ರ ಒಂಟಿಯಾಗಿ ಬಂದ. ಅಂಗಿಯ ಜೇಬಿನಲ್ಲಿ ಬಾಚಣಿಗೆ. ವೆಳ್ಳಮುಂಡದಲ್ಲಿ ಜಾಗ ಸಿಗಲಿಲ್ಲವಂತೆ. ಮಾವನ ಗದ್ದೆಯ ಪಕ್ಕದ ಕುರುಚಲು ಕಾಡನ್ನು ಹಿಡಿದು ಕಡಿಯೋಕೆ ಶುರು ಮಾಡಿದ. ನಾಲ್ಕು ಮಚ್ಚಿನೇಟು, ಒಂದು ಸಲ ತಲೆ ಬಾಚು. ಮತ್ತೆ ನಾಲ್ಕು ಏಟು, ಮತ್ತೆ ಬಾಚು. ನಾನು ಅವನಿಗೆ ಬಾಚಣಿಗೆ ಅಂತಲೇ ಹೆಸರಿಟ್ಟೆ.

ಹೊಗೆಸೊಪ್ಪು ಕೊಳ್ಳೋಕೆ ಅಂಗಡಿಗೆ ಬಂದವನು ಮಲಯಾಳದಲ್ಲಿ ಕೇಳಿದ, "ಈ ಊರಲ್ಲಿ ಹುಡುಗ ಹುಡುಗಿ ಮಾತಾಡಬೇಕು ಅಂದ್ರೆ ಎಲ್ಲಿಗೆ ಹೋಗ್ತಾರೆ?"

"ಏನು ಮಾತು?"

"ವೆರುತೆ" ಅಂದ. ವೆರುತೆ ಅಂದರೆ ಸುಮ್ಮನೆ. ಅವನ ಬಾಯಲ್ಲಿ ಎಲ್ಲಾದಕ್ಕೂ ವೆರುತೆಯೇ. ಯಾಕೆ ನಗ್ತೀಯ? ವೆರುತೆ. ಯಾಕೆ ಹೊಳೆ ಕಡೆ ಹೊರಟೆ? ವೆರುತೆ.

"ಇಲ್ಲಿ ಹಂಗೆಲ್ಲ ಸುಮ್ಮನೆ ಮಾತಾಡಲ್ಲ. ಮೊದಲು ಮದುವೆ ಆಗ್ತಾರೆ" ಅಂದೆ.

"ಆಮೇಲೆ ಮಾತಾಡ್ತಾರಾ?"

ನಾನು ಒಳಗೆ ಇಣುಕಿ ನೋಡಿದೆ. ಅಪ್ಪ ಒಂದು ಮೂಲೆಯಲ್ಲಿ ಗೋಡೆ ನೋಡುತ್ತಾ ಕೂತಿದ್ದ. ಅಮ್ಮ ಇನ್ನೊಂದು ಮೂಲೆಯಲ್ಲಿ ಮೊರದ ಜೊತೆ ಮಾತಾಡುತ್ತಿದ್ದಳು.

"ಆಮೇಲೂ ಇಲ್ಲ" ಅಂದೆ.

೨. ನಾನು ಬೆಲ್ಲ ಹಂಚಿದ್ದು

ಬಾಚಣಿಗೆ ನನ್ನ ಮಾತು ಕೇಳಲಿಲ್ಲ. ಹೊಳೆಯಲ್ಲಿ ಬಟ್ಟೆ ಒಗೆಯೋ ಹೆಂಗಸರ ಜೊತೆ ಮಾತಾಡಿದ, ಸೌದೆ ಹೊತ್ತು ಬರೋ ಮುದುಕಿಯರ ಜೊತೆ ಮಾತಾಡಿದ. ಇದೆಲ್ಲ ನನಗೆ ತಮಾಷೆಯಾಗಿಯೇ ಇತ್ತು. ಆಮೇಲೆ ಮಾವನ ಮಗಳ ಜೊತೆ ಮಾತಾಡಿದ. ಅಲ್ಲಿಗೆ ತಮಾಷೆ ಮುಗಿಯಿತು. ಅವಳು ಹೊಳೆಗೆ ಬಿಂದಿಗೆ ತಂದರೆ ಇವನಿಗೂ ಅದೇ ಹೊತ್ತಿಗೆ ಬಾಯಾರಿಕೆ. ಅವಳು ಎಮ್ಮೆ ಹುಡುಕಿಕೊಂಡು ಹೊರಟರೆ, ಎಮ್ಮೆಯೇ ಇಲ್ಲದ ಇವನೂ ಎಮ್ಮೆ ಹುಡುಕುತ್ತಿದ್ದ. ನನಗೆ ಅನ್ನ ಸೇರುತ್ತಿರಲಿಲ್ಲ. ಅಮ್ಮ ಜಂತುಹುಳ ಅಂತ ಕಷಾಯ ಕುಡಿಸಿದಳು.

ಒಂದು ದಿನ ಹೊಳೆ ಹತ್ತಿರದ ಹಲಸಿನ ಮರ ಹತ್ತಿ ಕೂತು ಕೇಳಿಸಿಕೊಂಡೆ. ಅವಳು ಅವನನ್ನು "ಚೇಟ್ಟಾ" ಅಂದಳು! ಚೇಟ್ಟ ಅಂದರೆ ಅಣ್ಣ. ನಮ್ಮಲ್ಲಿ ಹುಡುಗಿ ಒಂದು ಸಲ ಅಣ್ಣ ಅಂದಳೋ, ಆ ಗಂಡಸಿನ ಕಥೆ ಅಲ್ಲಿಗೆ ಮುಗೀತು. ಅವನು ಉಡುಗೊರೆಯ ಸೀರೆಗೆ ದುಡ್ಡು ಹೊಂದಿಸೋದೊಂದೇ ಬಾಕಿ. ನಾನು ಮರದಿಂದ ಇಳಿಯಲಿಲ್ಲ, ಬಿದ್ದೆ. ಓಡಿ ಬಂದು ಅಂಗಡಿಯ ಬೆಲ್ಲದಚ್ಚು ಒಡೆದು ದಾರಿಯಲ್ಲಿ ಹೋಗೋರಿಗೆಲ್ಲ ಹಂಚಿದೆ.

ತೆಂಕಲಿಂದ ಬಂದ ಒಬ್ಬಳು ಹೆಂಗಸು ಬೆಲ್ಲ ಬಾಯಿಗೆ ಹಾಕಿಕೊಂಡು, "ಏನು ವಿಶೇಷ ಮೋನೇ?" ಅಂತ ಮಗನನ್ನ ಕರೆದ ಹಾಗೆ ಕೇಳಿದಳು.

"ನಮ್ಮ ಮಾವನ ಮಗಳು ನಿಮ್ಮ ಕಡೆಯೋನನ್ನ ಚೇಟ್ಟ ಅಂದ್ಲು."

ಅವಳು ಬೆಲ್ಲ ಚೀಪುತ್ತಾ ನಕ್ಕಳು. "ಒಳ್ಳೇದೇ ಆಯ್ತು. ನಮ್ಮಲ್ಲಿ ಗಂಡನ್ನೂ ಹಂಗೇ ಕರೆಯೋದು."

ಹಂಚಿದ ಬೆಲ್ಲ ವಾಪಸು ಕೇಳೋಕಾಗುತ್ತಾ? ಒಬ್ಬನನ್ನ ಕೇಳಿದೆ. ಬಾಯಿ ತೆರೆದು ತೋರಿಸಿದ, ಕರಗಿತ್ತು.

೩. ಕನ್ನಡ ಪಾಠ

ಒಂದು ಮಧ್ಯಾಹ್ನ ಬಾಚಣಿಗೆ ಅಂಗಡಿಯ ಜಗಲಿ ಮೇಲೆ ಕೂತು, "ಒಂದು ಸಹಾಯ ಮಾಡು. ಆ ಹುಡುಗಿಗೆ ಹೇಳೋಕೆ ಒಂದು ಚಂದದ ಕನ್ನಡ ಮಾತು ಹೇಳಿಕೊಡು. 'ನೀನು ನಕ್ಕರೆ ನನ್ನ ಮನಸ್ಸು ತುಂಬುತ್ತೆ' ಅನ್ನೋ ಹಂಗೆ" ಅಂದ.

ದೇವರು ಕಣ್ಣು ಬಿಟ್ಟ ಅಂದುಕೊಂಡೆ. ಮುಖ ಗಂಭೀರ ಮಾಡಿಕೊಂಡು ಹೇಳಿಕೊಟ್ಟೆ: "ನೀನು ನಕ್ಕರೆ ನಮ್ಮೆಮ್ಮೆ ಹಾಲು ಕೊಡಲ್ಲ."

ಪಾಪ, ಶ್ರದ್ಧೆಯಿಂದ ಕಲಿತ. ದಾರಿ ಉದ್ದಕ್ಕೂ ಬಾಯಿಪಾಠ ಮಾಡಿದ. ನಾನು ಬೇಲಿ ಹಿಂದೆ ಕೂತೆ. ಅವಳು ಬಂದಳು. ಅವನು ತಲೆ ಬಾಚಿಕೊಂಡು, ಎದೆ ಮೇಲೆ ಕೈಯಿಟ್ಟು, ದೇವರ ಮುಂದೆ ನಿಂತವನ ಹಾಗೆ ಕಣ್ಣು ಅರೆಮುಚ್ಚಿ ಅಂದ: "ನೀನು ನಕ್ಕರೆ... ನಮ್ಮೆಮ್ಮೆ... ಹಾಲು ಕೊಡಲ್ಲ."

ಬಿಂದಿಗೆ ಎತ್ತಿ ಹೊಡೀತಾಳೆ ಅಂತ ನಾನು ಬೇಲಿಯಿಂದ ಕತ್ತು ಚಾಚಿದೆ. ಅವಳು ಬಿಂದಿಗೆ ಕೆಳಗಿಟ್ಟು ನಕ್ಕಳು. ಹೊಟ್ಟೆ ಹಿಡಿದು ನಕ್ಕಳು. ಕಣ್ಣಲ್ಲಿ ನೀರು ಬರೋವರೆಗೆ ನಕ್ಕು, ಕಲ್ಲಿನ ಮೇಲೆ ಕೂತು, "ಯಾವ ಕೋತಿ ಹೇಳಿಕೊಟ್ಟಿದ್ದು ನಿಂಗೆ? ಬಾ, ನಾನು ಕಲಿಸ್ತೀನಿ" ಅಂದಳು. ಊರೆಲ್ಲ ನನ್ನ ತಮಾಷೆಗೆ ನಗುತ್ತಿದ್ದರೂ ಅವಳು ಒಂದೇ ಒಂದು ಸಲವೂ ಹೀಗೆ ನಕ್ಕವಳಲ್ಲ. ಅವತ್ತಿನಿಂದ ದಿನಾ ಸಂಜೆ ಕನ್ನಡ ಪಾಠ. ಬಾಚಣಿಗೆ ನನ್ನ ಕೈ ಹಿಡಿದು ಕುಲುಕಿ, "ನೀನು ಮಾಡಿದ ಉಪಕಾರ ಸಾಯೋವರೆಗೂ ಮರೆಯಲ್ಲ" ಅಂದ.

ಆವತ್ತು ಸಂಜೆ ನಮ್ಮೆಮ್ಮೆ ನಿಜವಾಗಿಯೂ ಹಾಲು ಕೊಡಲಿಲ್ಲ.

೪. ಆನೆಯಾದದ್ದು

ಇನ್ನು ಬುದ್ಧಿಯಿಂದ ಆಗಲ್ಲ, ಭಯದಿಂದಲೇ ಆಗಬೇಕು ಅಂತ ತೀರ್ಮಾನಿಸಿದೆ. ತೆಂಕಲಿನವರಿಗೆ ಆನೆಯ ಭಯ ಜಾಸ್ತಿ. ಪಾಠ ನಡೆಯೋ ಜಾಗದ ಹಿಂದೆ ಬಿದಿರು ಮೆಳೆ. ಅದರೊಳಗೆ ನುಗ್ಗಿ ಒಣ ಬಿದಿರನ್ನು ಚಟಚಟ ಅಂತ ಮುರಿಯತೊಡಗಿದೆ. ಬಾಯಲ್ಲಿ ಘ್ರಾಂ ಅಂತ ಸದ್ದನ್ನೂ ಸೇರಿಸಿದೆ. ಬಾಚಣಿಗೆ ಓಡುತ್ತಾನೆ, ಹುಡುಗಿಯನ್ನ ಬಿಟ್ಟು ಓಡಿದ ಹೇಡಿ ಅಂತ ಊರಿಡೀ ಹೇಳಿಕೊಂಡು ತಿರುಗಬಹುದು. ನನ್ನ ಲೆಕ್ಕ ಅದು.

ಆದರೆ ಬಂದು ಇನ್ನೂ ಹೊಸದಲ್ಲವಾ, ಆನೆ ಬಿದಿರು ಮುರಿದರೆ ಹೇಗೆ ಸದ್ದಾಗುತ್ತೆ ಅನ್ನೋದೇ ಅವನಿಗೆ ಗೊತ್ತಿರಲಿಲ್ಲ. "ಯಾರಪ್ಪಾ ಅದು, ನೆಗಡಿನಾ?" ಅಂತ ಕೂಗಿ ಕೇಳಿದ. ಗೊತ್ತಿದ್ದದ್ದು ಅವಳಿಗೆ. "ಅಯ್ಯೋ ಆನೆ!" ಅಂತ ಕಿರುಚಿ ಅವನ ತೋಳು ಗಟ್ಟಿಯಾಗಿ ಹಿಡಿದುಕೊಂಡಳು. ಹಿಡಿದವಳು ಬಿಡಲೇ ಇಲ್ಲ. ಇಬ್ಬರೂ ಹಾಗೇ ಗದ್ದೆಯ ಬದುವಿನ ಮೇಲೆ ಕೈ ಕೈ ಹಿಡಿದು ಓಡಿದರು. ಆಕಡೆಯಿಂದ ಕೇರಿಯ ಗಂಡಸರು ತಮಟೆ, ಕಲ್ಲು ಹಿಡಿದು ಆನೆ ಓಡಿಸೋಕೆ ಬಂದರು. ನಾನು ಆನೆಯಲ್ಲ ಅಂತ ಹೇಳುವಷ್ಟರಲ್ಲಿ ಮೊದಲ ಕಲ್ಲು ಬೆನ್ನಿಗೆ ಬಿದ್ದಿತ್ತು.

ನಮ್ಮಲ್ಲಿ ವಧುವಿನ ಕೈಯನ್ನ ವರನ ಕೈಗೆ ಕೊಡೋದು ಪುರೋಹಿತರ ಕೆಲಸ. ಕಲ್ಲೇಟು ತಿಂದುಕೊಂಡು ಆ ಕೆಲಸ ಮಾಡಿದ ಪುರೋಹಿತ ನಾನೊಬ್ಬನೇ.

೫. ಅತ್ತೆ

ಬೆನ್ನಿಗೆ ಬಿಸಿ ಉಪ್ಪಿನ ಗಂಟು ಇಡುತ್ತಿದ್ದ ಅಮ್ಮನಿಗೆ ಬಾಯಿಬಿಟ್ಟು ಹೇಳಿದೆ, "ಮಾವನ ಹತ್ರ ಹೋಗಿ ಹೆಣ್ಣು ಕೇಳು. ಇವತ್ತೇ ಕೇಳು." ಅಮ್ಮ ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ಸುಣ್ಣ, ಬಾಳೆಹಣ್ಣು ಇಟ್ಟುಕೊಂಡಳು. "ಅಲ್ಲಿ ಬಾಯಿ ಮುಚ್ಕೊಂಡಿರು. ನೀನು ಬಾಯಿ ಬಿಟ್ರೆ ಕೆಲಸ ಕೆಡುತ್ತೆ" ಅಂತ ಎಚ್ಚರಿಕೆ ಕೊಟ್ಟಳು.

ಆಗಷ್ಟೇ ಮಳೆ ಬಿಟ್ಟಿತ್ತು. ಮಾವನ ಹೆಂಡತಿ, ಅಂದರೆ ನನ್ನ ಅತ್ತೆ, ಗದ್ದೆಯಿಂದ ಬಂದು ಅಂಗಳದಲ್ಲಿ ನಿಂತಿದ್ದಳು. ಅವಳಿಗೆ ಕಿವಿ ಸ್ವಲ್ಪ ಮಂದ. ಮಲಯಾಳವಂತೂ ಒಂದಕ್ಷರ ಬಾರದು. ಮಾವನಿಗೂ ಅಮ್ಮನಿಗೂ ಸಂತೆಯಲ್ಲಿ ಬೆಲೆ ಕೇಳುವಷ್ಟೇ ಬರುತ್ತಿತ್ತು. ಬೇಲಿಯಾಚೆ ಬಾಚಣಿಗೆ ಗುದ್ದಲಿ ಹಿಡಿದು ಕೆಲಸ ಮಾಡುತ್ತಿದ್ದ.

ಅಮ್ಮ ತಟ್ಟೆ ಕೆಳಗಿಟ್ಟು "ಅಣ್ಣಾ, ಒಂದು ಮಾತು" ಅಂದಳೋ ಇಲ್ಲವೋ, ಬಾಚಣಿಗೆ ಬೇಲಿ ಹಾರಿ ಓಡಿ ಬಂದ. "ಅಟ್ಟ! ಅಟ್ಟ!" ಅಂತ ಅರಚುತ್ತಾ ಬಂದವನು ದೊಪ್ಪನೆ ನನ್ನ ಅತ್ತೆಯ ಕಾಲಿಗೆ ಬಿದ್ದ.

ಮಲಯಾಳದಲ್ಲಿ ಅಟ್ಟ ಅಂದರೆ ಜಿಗಣೆ. ಅತ್ತೆಯ ಹಿಮ್ಮಡಿಯಲ್ಲಿ ನೇರಳೆಹಣ್ಣಿನಷ್ಟು ದಪ್ಪದ ಜಿಗಣೆ ಕೂತಿದ್ದು ನನಗೂ ಕಂಡಿತ್ತು. ನಮಗೆ ಅದು ದಿನನಿತ್ಯದ್ದು, ಅವನಿಗೆ ಹಾವು ಕಂಡ ಹಾಗೆ. ಎಲೆ ಅಡಿಕೆಯ ಸುಣ್ಣ ಬೆರಳಲ್ಲಿ ತೆಗೆದು ಸವರಿದ, ಜಿಗಣೆ ಕೆಸರಿಗೆ ಉದುರಿ ಮಾಯವಾಯಿತು. ಮಂದಕಿವಿಯ ಅತ್ತೆಗೆ ಅದೊಂದೂ ಗೊತ್ತಾಗಲಿಲ್ಲ. ಅವಳು ಕಂಡದ್ದು ಇಷ್ಟೇ: ಒಬ್ಬ ಹುಡುಗ "ಅತ್ತೆ! ಅತ್ತೆ!" ಅಂತ ಕೂಗುತ್ತಾ ಬಂದು ತನ್ನ ಪಾದ ಹಿಡಿದುಕೊಂಡ.

"ಯಾವನೋ ನೀನು ನನ್ನ ಹೆಂಡ್ತೀನ ಅತ್ತೆ ಅನ್ನೋನು!" ಅಂತ, ಅಟ್ಟ ಅನ್ನೋ ಮಾತೇ ಗೊತ್ತಿಲ್ಲದ ಮಾವ ಬಡಿಗೆ ಎತ್ತಿದ. ನಿಜ ಹೇಳಬಹುದಿತ್ತು. ಆದರೆ ಅಮ್ಮ ಬಾಯಿ ಮುಚ್ಕೊಂಡಿರು ಅಂದಿದ್ದಳಲ್ಲ, ಹುಟ್ಟಿದ ಮೇಲೆ ಮೊದಲ ಸಲ ಅಮ್ಮನ ಮಾತು ಕೇಳಿದೆ.

ಬಡಿಗೆಗೆ ಅಡ್ಡ ನಿಂತವಳು ಅತ್ತೆಯೇ. "ರೀ, ನಿಲ್ಲಿಸ್ರಿ! ಕಾಲಿಗೆ ಬಿದ್ದಿದಾನೆ ಮಗು. ನಿಮ್ಮ ಸೋದರಳಿಯ ಇದಾನಲ್ಲ ಇಲ್ಲಿ, ಯಾವತ್ತಾದ್ರೂ ಬಾಯ್ತುಂಬ ಅತ್ತೆ ಅಂದಿದಾನಾ? 'ಏ ಕಿವುಡಿ, ಮಜ್ಜಿಗೆ ಕೊಡೇ' ಅಂತಾನೆ!"

ಅವಳಿಗೆ ಅದು ಕೇಳಿಸುತ್ತೆ ಅಂತ ನನಗೆ ಆವತ್ತೇ ಗೊತ್ತಾದದ್ದು.

ಮಾವ ಬಡಿಗೆ ಇಳಿಸಿದ. "ದುಡೀತಾನೆ, ಅದು ನಿಜ. ಜಾತಿಪಾತಿ ಎಲ್ಲ ಹಿರಿಯರು ಬಂದಾಗ ವಿಚಾರಿಸೋಣ" ಅಂತ ಗೊಣಗಿ ನನ್ನ ಕಡೆ ತಿರುಗಿದ. "ಇಸ್ಕೂಲಿಗೆ ಹೋದೋನು ನೀನು. ಇವನ ಭಾಷೇಲೇ ಕೇಳು, ನನ್ನ ಮಗಳನ್ನ ಕಟ್ಕೊಂತಾನೋ, ಇಲ್ಲ ಬರೀ ಸುಮ್ನೆ ಮಾತಾಡ್ಕೊಂಡು ತಿರುಗ್ತಾನೋ. ಒಂದೇ ಮಾತಲ್ಲಿ ಹೇಳ್ಲಿ."

ಎಲ್ಲರೂ ನನ್ನ ಮುಖ ನೋಡಿದರು. ಮಾವನ ಮಗಳು ಬಾಗಿಲಲ್ಲಿ ನಿಂತಿದ್ದಳು. ನನ್ನ ತಲೆ ಗಿರಗಿರ ಓಡಿತು. 'ಇಲ್ಲ' ಅನ್ನೋ ಮಾತು ಮಲಯಾಳದಲ್ಲೂ 'ಇಲ್ಲ'ವೇ, ಕನ್ನಡದಲ್ಲೂ 'ಇಲ್ಲ'ವೇ. ಅವನ ಬಾಯಿಂದ ಒಂದು 'ಇಲ್ಲ' ಹೊರಡಿಸಿದರೆ ಸಾಕು, ಹುಡುಗಿ ನನ್ನವಳು. ಇಲ್ಲ ಅಂತಲೇ ಉತ್ತರ ಬರೋ ಪ್ರಶ್ನೆ ಯಾವುದು? ಹೊಳೆಯಿತು. ಮಾವನಿಗೆ ಅರ್ಥವಾಗದ ಹಾಗೆ ಗಡಗಡ ಅಂತ ಮಲಯಾಳದಲ್ಲಿ ಕೇಳಿದೆ, "ನಿನ್ನ ಕಾಲಿಗೂ ಜಿಗಣೆ ಹತ್ತಿದೆಯೇನೋ?"

ಹಾಳಾದವನು ಇಲ್ಲ ಅಂತ ಬಾಯಿ ತೆರೆದವನು ಒಂದು ಸಲ ಕೆಳಗೆ ನೋಡಿಕೊಂಡ. ಬೆರಳ ಸಂದಿಯಲ್ಲಿ ಒಂದು ಕೂತಿತ್ತು.

"ಅತೆ!" ಅಂತ ಚೀರಿ ಕುಣಿದ. "ಅತೆ! ಅತೆ!"

ಮಲಯಾಳದಲ್ಲಿ ಅತೆ ಅಂದರೆ ಹೌದು. ಅಷ್ಟು ಮಲಯಾಳ ಮಾವನಿಗೂ ಬರುತ್ತಿತ್ತು. ಮಲಯಾಳ ಬಾರದ ಅತ್ತೆಗೆ ಕೇಳಿಸಿದ್ದೂ ಕೇಳಿಸಬೇಕಾದ್ದೇ.

"ಹೌದು ಅಂದ!" ಅಂತ ಮಾವ.

"ನೋಡ್ರಿ, ಮತ್ತೆ ಅತ್ತೆ ಅಂದ! ಕುಣಿದು ಕುಣಿದು ಕರೀತಾನೆ!" ಅಂತ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಎರಡೂ ಭಾಷೆ ಬಲ್ಲವರು ಅಲ್ಲಿ ಇನ್ನೊಬ್ಬರಿದ್ದರು, ಇವನ ಜೊತೆ ಮಾತಾಡಿ ಮಾತಾಡಿಯೇ ಮಲಯಾಳ ಕಲಿತಿದ್ದ ಮಾವನ ಮಗಳು. ಒಂದು ಮಾತು ಹೇಳಿದ್ದರೆ ಎಲ್ಲ ಬಯಲಾಗುತ್ತಿತ್ತು. ಅವಳು ನನ್ನನ್ನೇ ನೋಡಿ, ತುಟಿ ಕಚ್ಚಿ ನಗು ತಡೆದು, ಅಂಗಳಕ್ಕೆ ಇಳಿದು ಅವನಿಗೆ ಮಲಯಾಳದಲ್ಲಿ ನಿಧಾನವಾಗಿ ಹೇಳಿದಳು, "ಅಪ್ಪ ಒಪ್ಪಿದಾರೆ. ನಿಮ್ಮ ಕಡೆ ಹಿರಿಯರನ್ನ ಕರ್ಕೊಂಡು ಬರ್ತೀಯಾ?"

ಅವನು ಕುಣಿಯೋದು ನಿಲ್ಲಿಸಿದ. ಅವಳ ಮುಖ ನೋಡಿದ. ತಲೆ ಬಾಚಿಕೊಳ್ಳೋದನ್ನೂ ಮರೆತು ಮೆಲ್ಲಗೆ, "ಅತೆ" ಅಂದ.

"ಸಾಕು ಬಿಡಪ್ಪಾ, ಎಷ್ಟು ಸಲ ಕರೀತೀಯ!" ಅಂದಳು ಅತ್ತೆ.

ಅಮ್ಮ ತಂದ ತಟ್ಟೆಯ ಎಲೆ ಅಡಿಕೆಯನ್ನೇ ಮಾವ ಎತ್ತಿ ಅವನ ಕೈಗೆ ಕೊಟ್ಟ. ಅವನು ಅದನ್ನು ಹಿಡಿದು ನಿಂತ ಹಾಗೇ ಬೆರಳ ಸಂದಿಯ ಜಿಗಣೆ ಹೊಟ್ಟೆ ತುಂಬಿ ತಾನಾಗಿಯೇ ಉದುರಿತು. ಕಚ್ಚಿದ್ದು ಅವನ ಕಾಲನ್ನು, ಕುಡಿದದ್ದು ಮಾತ್ರ ನನ್ನ ರಕ್ತ.