ಡಬ್ಬಿಯ ಬೆನ್ನಿನ ಮೇಲೆ ಬರೆಯುವ ಮಹನೀಯರಿಗೆ

ಬಣ್ಣ ತೆಗೆಯುವ ದ್ರಾವಣದ ಡಬ್ಬಿಯ ಹಿಂಬದಿಯಲ್ಲಿ ಬಳಕೆಯ ಸೂಚನೆಗಳನ್ನು ಬರೆದು, ಕೆಳಗೆ ಹೆಸರನ್ನೂ ಹಾಕಿಕೊಳ್ಳದೆ ದೊಡ್ಡತನ ಮೆರೆದ ಮಾನ್ಯರೇ,

ತಾವೂ ತಮ್ಮ ಮನೆಯವರೂ ಕ್ಷೇಮವೆಂದು, ಅದಕ್ಕಿಂತ ಮುಖ್ಯವಾಗಿ ತಮ್ಮ ಮನೆಯ ನೆಲ ಕ್ಷೇಮವೆಂದು ನಂಬಿ ಈ ಪತ್ರ ಬರೆಯುತ್ತಿದ್ದೇನೆ. ಅಂಗಡಿಗೇ ಹೋಗಿ ಜಗಳವಾಡಿ ಬಾ ಎಂದು ಮನೆಯವರು ಹೇಳಿದ್ದರು. ಅಲ್ಲಿ ನನಗೆ ನಾಲಿಗೆ ಏಳುವುದಿಲ್ಲವಾದ್ದರಿಂದ ಕಾಗದವೇ ಗತಿ.

ನಾವಿರುವುದು ಬಾಡಿಗೆ ಮನೆ. ಅದರ ನಡುಮನೆಯ ನೆಲ ಗಟ್ಟಿಮರದ ಹಲಗೆಗಳದ್ದು. ನಾವು ಓನರಮ್ಮ ಎಂದು ಕರೆಯುವ ಒಡತಿಯ ಗಂಡ, ಈಗ ತೀರಿಕೊಂಡಿರುವವರು, ಅಂಚೆ ಕಚೇರಿಯ ಕೆಲಸ ಮುಗಿಸಿ ಬಂದು ಸಂಜೆ ಸಂಜೆ ಒಂದೊಂದೇ ಹಲಗೆ ಕೂರಿಸಿ ಮಾಡಿದ್ದು. "ಗೋಡೆಗೆ ಏನ್ ಬೇಕಾದ್ರೂ ಮಾಡ್ಕೊಳ್ಳಿ, ನೆಲದ ತಂಟೆಗೆ ಮಾತ್ರ ಹೋಗ್ಬೇಡಿ" ಎಂಬುದು ಓನರಮ್ಮನ ಒಂದೇ ಷರತ್ತು. ಅವರು ವರ್ಷಕ್ಕೊಮ್ಮೆ ಬಂದು, ಚಪ್ಪಲಿ ಹೊರಗೆ ಬಿಟ್ಟು, ಬರಿಗಾಲಲ್ಲಿ ಆ ಕೋಣೆಯನ್ನು ಒಮ್ಮೆ ನಿಧಾನವಾಗಿ ದಾಟಿ, ಆಮೇಲೆ ಕೂತು ಚಹಾ ಕುಡಿದು, ನಾವು ಇನ್ನೊಂದು ವರ್ಷ ಇರಬಹುದೋ ಇಲ್ಲವೋ ಹೇಳಿ ಹೋಗುತ್ತಾರೆ. ಅಪ್ಪನ ತಾಯಿಯಾದ ಅಜ್ಜಿ ಯಾರ ಕೈ ಹಿಡಿಯದೆ ಒಬ್ಬಳೇ ಓಡಾಡುವುದು ಈ ಬೀದಿಯೊಂದರಲ್ಲೇ. ಬೇರೆ ಮನೆ ಅಂದರೆ ಅವಳ ಮುಖ ಸಣ್ಣದಾಗುತ್ತದೆ.

ಈ ಸಲ ಓನರಮ್ಮನನ್ನು ಮೆಚ್ಚಿಸಲೇಬೇಕೆಂದು ಅಪ್ಪ ಗೋಡೆಗೆ ಹೊಸ ಬಣ್ಣ ಬಳಿಯಲು ತಾವೇ ಏಣಿ ಹತ್ತಿದರು. ನೆಲದ ತುಂಬ ಹಳೆಯ ಪತ್ರಿಕೆ ಹಾಸಿದ್ದೆವು. ಆದರೆ ನಮ್ಮದು ಅಚ್ಚಾದದ್ದು ಏನೇ ಕಂಡರೂ ಓದದೆ ಬಿಡದ ವಂಶ. ಅಮ್ಮ ಬಿಡಿಸದೆ ಉಳಿದ ಪದಬಂಧದ ಪುಟವನ್ನು ಎತ್ತಿಕೊಂಡು ಹೋದಳು, ಅಜ್ಜಿ "ಅಯ್ಯೋ, ಇವನಿನ್ನೂ ಇದ್ದನಾ!" ಎನ್ನುತ್ತ ನಿಧನವಾರ್ತೆಯ ಪುಟ ಒಯ್ದಳು, ನಾನು ಒಂದು ಪುಸ್ತಕ ವಿಮರ್ಶೆಯನ್ನು ಉಳಿಸಿದೆ, ಅಪ್ಪ ಏಣಿಯಿಂದ ಇಳಿದು, ಒಂದು ಕೈಯಲ್ಲಿ ತೊಟ್ಟಿಕ್ಕುವ ಬ್ರಷ್ಷು, ಇನ್ನೊಂದರಲ್ಲಿ ಸಂಪಾದಕೀಯ ಹಿಡಿದು ನಿಂತಲ್ಲೇ ಓದಿ ಮುಗಿಸಿದರು. ಕೊನೆಗೆ ಬಣ್ಣಕ್ಕೂ ನೆಲಕ್ಕೂ ನಡುವೆ ಉಳಿದದ್ದು ಬರೀ ಗಾಳಿ.

ಆಗ ತಮ್ಮ ಡಬ್ಬಿ ಮನೆಗೆ ಬಂತು, ಮತ್ತು ಹೇಳಬೇಕಿಲ್ಲ, ತಮ್ಮ ಬರಹವನ್ನೂ ನಾವು ಗಟ್ಟಿಯಾಗಿ ಓದಿದೆವು. ಎಂಥ ಗದ್ಯ ಮಾನ್ಯರೇ! "ಹಚ್ಚಿ, ಕೊಂಚ ಕಾಯಿರಿ, ಹಗುರವಾಗಿ ಒರೆಸಿ, ಬಣ್ಣ ತಾನಾಗಿಯೇ ಬಿಡುತ್ತದೆ." ಒಂದು ಅಡ್ಡಿಯಿಲ್ಲ, ಒಂದು ಅನುಮಾನವಿಲ್ಲ, ಬೆವರಿನ ಹನಿಯಿಲ್ಲ. ನಾನು ಓದಿದ ಎಷ್ಟೋ ಕಾದಂಬರಿಗಳು ಇಷ್ಟು ಸುಖಾಂತವಾಗಿಲ್ಲ.

"ಮೊದಲು ಕಣ್ಣಿಗೆ ಬೀಳದ ಜಾಗದಲ್ಲಿ ಪ್ರಯೋಗಿಸಿ" ಎಂದಿದ್ದಿರಿ. ಆಜ್ಞೆ ಪಾಲಿಸಿ, ಎಲ್ಲರೂ ಸೇರಿ ಬೀರುವನ್ನು ಸರಿಸಿ, ಅದರ ಹಿಂದಿನ ಕತ್ತಲ ಮೂಲೆಗೆ ದ್ರಾವಣ ಹಚ್ಚಿ ಒರೆಸಿದೆವು. "ನೋಡಿದ್ರಾ, ಒಂದು ಚುಕ್ಕೆ ಬಣ್ಣ ಇಲ್ಲ!" ಎಂದು ಅಪ್ಪ ಬೀಗಿದರು. "ಅಲ್ಲಿ ಮೊದಲಾದ್ರೂ ಎಲ್ಲಿತ್ತೋ?" ಎಂದಳು ಅಜ್ಜಿ. ಆದರೆ ಪ್ರಯೋಗ ಯಶಸ್ವಿಯಾದ ಸಂಭ್ರಮದಲ್ಲಿ ಅವಳ ಮಾತು ಯಾರ ಕಿವಿಗೂ ಬೀಳಲಿಲ್ಲ. ನಡುಮನೆಗೆಲ್ಲ ಹಚ್ಚಿ ಒರೆಸಿದ ಮೇಲೆ ಬೆಳಕಿನಲ್ಲಿ ಕಂಡದ್ದೇನೆಂದರೆ, ಬಣ್ಣದ ಹನಿಗಳೆಲ್ಲ ಮೊದಲಿನಷ್ಟೇ ಆರೋಗ್ಯವಾಗಿವೆ, ಅವುಗಳ ಸುತ್ತಲಿನ ಪಾಲಿಶ್ ಮಾತ್ರ ತಾನಾಗಿಯೇ ಬಿಟ್ಟಿದೆ. ಈಗ ಪ್ರತಿಯೊಂದು ಹನಿಗೂ ಒಂದೊಂದು ಬೆಳ್ಳನೆಯ ಅಂಗಳ.

ತಮ್ಮ ಕಂಪನಿಯೇ ಗೋಡೆಯ ಬಣ್ಣವನ್ನೂ ತಯಾರಿಸುತ್ತದೆಂದು ಡಬ್ಬಿಯ ಮುಚ್ಚಳದಿಂದ ತಿಳಿಯಿತು. ಅಜ್ಜಿ ಬೆನ್ನೊರಗಿಸಿದರೆ ಸಾಕು, ಗೋಡೆಯ ಬಣ್ಣ ಅವಳ ಶಾಲಿನೊಂದಿಗೆ ಎದ್ದು ಬರುತ್ತದೆ. ನೆಲಕ್ಕೆ ಬಿದ್ದದ್ದೋ, ಪ್ರಾಣ ಹೋದರೂ ಅಲುಗದು. ಆದ್ದರಿಂದ ಮುಂದೆ ಬಣ್ಣವನ್ನು ಮೊದಲು ನೆಲದ ಮೇಲೆ ಚೆಲ್ಲಿ, ಹಿಡಿತದ ಪಾಠ ಕಲಿಸಿ, ಆಮೇಲೆ ಗೋಡೆಗೆ ಕಳುಹಿಸುವ ಏರ್ಪಾಡು ಮಾಡಬೇಕಾಗಿಯೂ, ಒಡತಿಯರು ಬಂದಾಗ ಅವರ ದೃಷ್ಟಿಯನ್ನು ಸೂರಿನ ಕಡೆಗೇ ಕಟ್ಟಿಹಾಕುವ ದ್ರಾವಣವೊಂದನ್ನು ಬೇಗನೆ ಕಂಡುಹಿಡಿಯಬೇಕಾಗಿಯೂ ಪ್ರಾರ್ಥನೆ.

ಏಕೆಂದರೆ ಓನರಮ್ಮ ಬಂದೇಬಿಟ್ಟರು. ನಾವು ಹಾಸಿದ್ದ ಜಮಖಾನೆಯನ್ನು ಕಾಲಿನಿಂದಲೇ ಬದಿಗೆ ಸರಿಸಿ ನಡೆದರು. ಮೊದಲ ಬೋಳು ತೇಪೆ ಕಾಲಿಗೆ ತಗುಲಿದಲ್ಲಿ ನಿಂತರು. ಬಗ್ಗಿ ಅಂಗೈಯಲ್ಲಿ ಸವರಿದರು. "ಇದ್ಯಾರ ಕೈಚಳಕ?" ಎಂದಾಗ ಅಪ್ಪ ತಮ್ಮ ಡಬ್ಬಿಯನ್ನು ಮುಂದೆ ಹಿಡಿದರು. ಓನರಮ್ಮ ಕನ್ನಡಕ ಹಾಕಿಕೊಂಡು ತಮ್ಮ ಬರಹವನ್ನು ಕೊನೆಯ ಅಕ್ಷರದವರೆಗೆ ಓದಿ, "ಓದಿದ್ದು ಸರಿ ಕಣ್ರೀ, ನಂಬಿ ಅಂತ ಯಾರು ಹೇಳಿದ್ದು?" ಎಂದರು. ಚಹಾ ಮುಟ್ಟಲಿಲ್ಲ. ಅಜ್ಜಿ ಆಗಲೇ ಕಿಟಕಿಯ ಬಳಿ ಹೋಗಿ ಬೀದಿ ನೋಡುತ್ತ ನಿಂತಿದ್ದಳು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಓನರಮ್ಮ ತಿರುಗಿ, "ನನ್ನ ಯಜಮಾನರ ನೆಲ ಮೊದಲಿನ ಹಾಗೆ ಆಗೋ ತನಕ ನಿಮ್ಮಲ್ಲಿ ಒಬ್ಬರೂ ಈ ಮನೆ ಬಿಡೋ ಹಾಗಿಲ್ಲ, ಹೇಳಿದೀನಿ!" ಎಂದು ಗದರಿ ಹೋದರು.

ಈಗ ನಾವೆಲ್ಲ ರಜೆ ಸಿಕ್ಕಾಗ ಮಂಡಿಯೂರಿ, ಅಲಗು ಹಿಡಿದು, ಮರದ ಎಳೆಗುಂಟ ಬಣ್ಣ ಕೆರೆಯುತ್ತೇವೆ. ನಿನ್ನೆ ಅಪ್ಪ ಒಂದು ಹನಿಯನ್ನು ಇಡಿಯಾಗಿ ಎಬ್ಬಿಸಿ, ಗೆದ್ದವರಂತೆ ಎತ್ತಿ ತೋರಿಸಿದರು. ಅಜ್ಜಿ ಹೌಹಾರಿ, "ಮೆಲ್ಲಗೆ ಕಣೋ, ಹೀಗೆ ಮಾಡಿದ್ರೆ ಮುಗಿದೇ ಹೋಗುತ್ತಲ್ಲ!" ಎಂದು ಅಲಗನ್ನು ಕಿತ್ತು ತನ್ನ ಶಾಲಿನೊಳಗೆ ಬಚ್ಚಿಟ್ಟುಕೊಂಡಳು. ಹಾಗಾಗಿ ಮಾನ್ಯರೇ, ಮೇಲಿನ ದೂರನ್ನೆಲ್ಲ ಹಿಂದಕ್ಕೆ ಪಡೆಯುತ್ತೇನೆ. ದಯವಿಟ್ಟು ತಮ್ಮ ದ್ರಾವಣವನ್ನು ಯಾವ ಕಾರಣಕ್ಕೂ ಸುಧಾರಿಸಬೇಡಿ.

ಇತಿ, ಮಂಡಿಯ ಮೇಲಿಂದಲೇ ನಮಸ್ಕರಿಸುವ
ತಮ್ಮ ವಿಶ್ವಾಸಿ

ತಾಜಾಕಲಂ: ಉಳಿದಿದ್ದ ದ್ರಾವಣದ ಒಂದು ಹನಿ ಕೈತಪ್ಪಿ ಡಬ್ಬಿಯ ಹಿಂಬದಿಗೆ ಇಳಿಯಿತು, ಒರೆಸಿದ್ದೇ ತಡ, ತಮ್ಮ ಬರಹದ ಒಂದಕ್ಷರವೂ ಉಳಿಯಲಿಲ್ಲ. ನಮ್ಮ ಮನೆಯಲ್ಲಿ ಅದು ತೆಗೆದ ಮೊದಲ ಬಣ್ಣ ಅದೇ ಆದ್ದರಿಂದ ಅಭಿನಂದನೆಗಳು.