ಪಶ್ಮೀನಾ ಹೋತನೂ ನನ್ನ ಕೆಂಪಿಯೂ

ಗುತ್ತಿಗಾರಿನ ಕಾಡಂಚಿನಲ್ಲಿ ಒಂಟಿ ಆನೆಗೆ ಕೊಂಬು ತೋರಿಸಿ ಹಿಂದೆ ಕಳಿಸಿದ ಹೋತ ನನ್ನದು. ನೋಡಿದವರು ನಾಲ್ಕು ಜನ. ನಾಲ್ವರೂ ತೀರಿಕೊಂಡರು. ಆನೆಯೂ ಈಗ ಇರಲಿಕ್ಕಿಲ್ಲ. ಹಾಗಾಗಿ ಆ ವಿಷಯದಲ್ಲಿ ನಾನು ಹೇಳಿದ್ದೇ ಕೊನೆ.

ನಾನು ಶಾಲೆಗೆ ಹೋದದ್ದು ತಪ್ಪಿಸಿಕೊಂಡ ಆಡು ಹುಡುಕಲಿಕ್ಕೆ ಮಾತ್ರ. ಅಕ್ಷರ ಕಲಿತದ್ದು ಬೀಡಿ ಕಟ್ಟಿನ ಲೇಬಲ್ ಓದಿ. ಆದರೂ ಅರಂತೋಡಿನಿಂದ ಕಡಬದವರೆಗೆ ಯಾರ ಆಡು ಬೆದೆಗೆ ಬಂದರೂ ಹಗ್ಗ ಹಿಡಿದುಕೊಂಡು ನಮ್ಮ ಅಂಗಳಕ್ಕೇ ಬರುವುದು. ಹೆಣ್ಣಾಡಿನ ಕಣ್ಣು ನೋಡಿ ಹುಟ್ಟುವ ಮರಿಯ ಬಣ್ಣ ಹೇಳುವವ ನಾನೊಬ್ಬನೇ. ಅಂಥವನ ಅಂಗಳಕ್ಕೆ ಓದಿದವರೂ ಬರುತ್ತಾರೆ. ಅವರು ಬಂದ ದಿನ ಎಂತಾದರೂ ಒಂದು ಆಗಿಯೇ ಆಗುತ್ತದೆ. ನಗಲಿಕ್ಕೆ ಅಂತ ನಾನು ಟಿವಿ ಹಾಕುವ ಕ್ರಮವೇ ಇಲ್ಲ.

ಫ್ಯಾನಿನ ಎದುರು

ಅಜ್ಜಾವರದಲ್ಲಿ ಒಬ್ಬರು ಮಿಲಿಟರಿಯವರು. ಹಿಮ ಬೀಳುವ ಗಡಿಯಲ್ಲಿ ಇದ್ದು ರಿಟೈರ್ ಆಗಿ ಊರಿಗೆ ಬಂದವರು. ಬೇರೆ ಮಿಲಿಟರಿಯವರು ಬರುವಾಗ ಪೆಟ್ಟಿಗೆಯಲ್ಲಿ ರಮ್ಮು ತರುತ್ತಾರೆ, ಮನುಷ್ಯರಿಗೆ ಉಪಯೋಗ ಉಂಟು. ಇವರು ಲಾರಿಯಲ್ಲಿ ಒಂದು ಹೋತ ತಂದರು.

"ಇದು ಪಶ್ಮೀನಾ ಅಜ್ಜ," ಎಂದರು. "ಹೊರಗೆ ಕಾಣುದು ಒರಟು ಕೂದಲು. ಅದರ ಅಡಿಯಲ್ಲಿ ಇನ್ನೊಂದು ಉಂಟು, ಬಹಳ ಸಪುರ, ನಯ, ಬೆಣ್ಣೆಯ ಹಾಗೆ. ಚಳಿಗಾಲಕ್ಕೆ ಬೆಳೆಯುದು. ಶಾಲು ಮಾಡುದು ಅದರಲ್ಲಿ."

"ಅಂದ್ರೆ ಶರಟಿನ ಅಡಿಗೆ ಬನಿಯನ್ ಇದ್ದ ಹಾಗೆ?"

"ಹಾಂ, ಕರೆಕ್ಟ್!"

"ಎಪ್ರಿಲಿನಲ್ಲಿ ನಾವು ಇಲ್ಲಿ ಎರಡನ್ನೂ ತೆಗೆಯುದು ಮಾರಾಯ್ರೆ."

ಹೋತನಿಗೆ ಜಗಲಿಯಲ್ಲಿ ಒಂದು ಟೇಬಲ್ ಫ್ಯಾನು. ಕರೆಂಟು ಹೋದರೆ ಅವರ ಹೆಂಡತಿ ಅಡಿಕೆ ಹಾಳೆಯ ಬೀಸಣಿಗೆ ಹಿಡಿದು ಕೂರಬೇಕು. ಮದುವೆಯಾಗಿ ಮೂವತ್ತು ವರ್ಷದಲ್ಲಿ ತನಗೆ ಒಂದು ದಿನ ಗಾಳಿ ಬೀಸದ ಗಂಡ, ಹೋತ ಏದುಸಿರು ಬಿಟ್ಟರೆ ಓಡಿ ಬರುತ್ತಾರೆ ಅಂತ ಆಯಮ್ಮನೇ ನನ್ನ ಹತ್ತಿರ ಹೇಳಿದ್ದು.

ಊರಿನ ಆಡಿಗೆ ಇದನ್ನು ಕೂಡಿಸಿ, ಸೆಕೆ ತಡೆಯುವ ಉಣ್ಣೆ ಆಡು ಮಾಡುದು ಅವರ ಆಲೋಚನೆ. ಸುಳ್ಯದ ಮನೆಮನೆಯಲ್ಲಿ ಪಶ್ಮೀನಾ ಶಾಲು! ನಮ್ಮಲ್ಲಿ ಶಾಲು ಹೊದೆಸುದು ಸನ್ಮಾನಕ್ಕೆ ಮಾತ್ರ. ಅದನ್ನೂ ಫೋಟೋ ಹೊಡೆದ ಕೂಡಲೇ ತೆಗೆದು ಬೆವರು ಒರೆಸುತ್ತಾರೆ.

ಮಿಲಿಟರಿ ಕಟಿಂಗ್

ಶಿವರಾತ್ರಿ ಹತ್ತಿರ ಬರುವಾಗ ಹೋತ ಬೇಲಿಗೆ ಮೈ ಉಜ್ಜಲಿಕ್ಕೆ ಶುರು ಮಾಡಿತು. ಉಣ್ಣೆ ಕೊಯ್ಲಿಗೆ ಬಂತು ಅಂತ ಮಿಲಿಟರಿಯವರಿಗೆ ಸಂಭ್ರಮ. ಸುಳ್ಯದಿಂದ ಕ್ಷೌರದವರನ್ನು ರಿಕ್ಷಾದಲ್ಲಿ ಕರೆಸಿದರು. ಅವರೂ ಒಳ್ಳೆಯ ಕೆಲಸಗಾರರು, ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿ, "ಸೈಡಿನಲ್ಲಿ ಎಷ್ಟು ಇಡುದು?" ಅಂತ ಕೇಳಿಯೇ ಮಿಷನ್ ಹಾಕಿದರು. ಹೋತ ಸೈನ್ಯಕ್ಕೆ ಸೇರಿದ ಹಾಗೆ ಕಂಡಿತು.

ಬಂದ ಕೂದಲನ್ನು ಹೆಂಡತಿ ಹೊಸೆದು ಒಂದು ಟೊಪ್ಪಿ ಹೆಣೆದರು. ಮಿಲಿಟರಿಯವರು ಅದನ್ನು ಹಾಕಿಕೊಂಡು ಪುತ್ತೂರಿನಲ್ಲಿ ಮದುವೆಗೆ ಹೋದರು. ಹಾರ ಬದಲಿಸುವಾಗ ತಲೆ ತುರಿಸಿಕೊಂಡರು, ತಾಳಿ ಕಟ್ಟುವಾಗ ತುರಿಸಿಕೊಂಡರು, ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತವರು ಎದ್ದು ಬೇರೆ ಸಾಲಿಗೆ ಹೋದರು.

ಆಮೇಲೆ ದನದ ಡಾಕ್ಟ್ರಮ್ಮ ಬಂದು ನೋಡಿದರು. ಚಿಕ್ಕ ಪ್ರಾಯ, ದೊಡ್ಡ ಬೂಟು. "ಅಯ್ಯೋ, ಬೋಳಿಸುದಲ್ಲ ಸರ್, ಬಾಚುದು! ಬೇಲಿಗೆ ಉಜ್ಜುತ್ತಾ ಇತ್ತಲ್ಲ, ಒಳಗಿನ ನಯದ್ದು ಆಗಲೇ ಉದುರಿತು. ನೀವು ಕತ್ತರಿಸಿದ್ದು ಹೊರಗಿನ ಒರಟು ಕೂದಲು."

ಎಲ್ಲರೂ ಬೇಲಿಗೆ ಓಡಿದರು. ಮುಳ್ಳಿನಲ್ಲಿ ಒಂದು ಎಳೆ ಇಲ್ಲ. ಮೇಲೆ ನೋಡಿದರೆ ದಾಸವಾಳದ ಗಿಡದಲ್ಲಿ ಪಿಕಳಾರದ ಗೂಡು, ಬೆಳ್ಳಗೆ, ಮೆತ್ತಗೆ. ಆ ವರ್ಷ ಅಜ್ಜಾವರದಲ್ಲಿ ಪಶ್ಮೀನಾ ಹೊದ್ದದ್ದು ಮೂರು ಹಕ್ಕಿ ಮರಿ ಮಾತ್ರ.

ಯಾವ ಅರ್ಧ?

ಇಷ್ಟಾದರೂ ಬುದ್ಧಿ ಬರಲಿಲ್ಲ. ಮಿಲಿಟರಿಯವರು ಡಾಕ್ಟ್ರಮ್ಮನನ್ನು ಕರೆದುಕೊಂಡು ನನ್ನ ಅಂಗಳಕ್ಕೆ ಬಂದರು, ನನ್ನ ಕೆಂಪಿಯನ್ನು ಕೇಳಲಿಕ್ಕೆ. ಕೆಂಪಿ ಅಂದರೆ ನನ್ನ ಹೆಣ್ಣಾಡು. ನಾನು ಅರಂತೋಡಿನ ಪೇಟೆಗೆ ಚಾ ಕುಡಿಯಲಿಕ್ಕೆ ಹೋದರೆ ಹಿಂದೆಯೇ ಬರುತ್ತದೆ, ಅಂಗಡಿಯ ಹೊರಗೆ ನಿಂತು ಕಾಯುತ್ತದೆ. ನನ್ನ ಮನೆಯಲ್ಲಿ ಕರೆದ ಕೂಡಲೇ ಬರುವ ಜೀವ ಅದೊಂದೇ.

ಡಾಕ್ಟ್ರಮ್ಮ ಪಾಠ ಶುರು ಮಾಡಿದರು. "ಮರಿಗೆ ಅರ್ಧ ಗುಣ ಅಪ್ಪನಿಂದ, ಅರ್ಧ ಅಮ್ಮನಿಂದ ಬರುದು ಅಜ್ಜ."

"ಯಾವ ಅರ್ಧ? ಮುಂದಿನದ್ದಾ, ಹಿಂದಿನದ್ದಾ?"

"ಹಾಗಲ್ಲ! ಉಣ್ಣೆಗೆ ಒಂದೇ ಜೀನ್ ಅಲ್ಲ, ಎಷ್ಟೋ ಸೇರಬೇಕು. ಮೊದಲ ಮರಿಗಳಲ್ಲಿ ಸ್ವಲ್ಪ ಬರ್ತದೆ. ಅದರಲ್ಲಿ ಒಳ್ಳೆಯದನ್ನು ಆರಿಸಿ ಮತ್ತೆ ಕೂಡಿಸಬೇಕು. ಅದರಲ್ಲೂ ಕಷ್ಟ ಉಂಟು. ಉಣ್ಣೆ ಹೆಚ್ಚು ಬರುವ ಆಡಿನದ್ದು ಸ್ವಲ್ಪ ಒರಟು, ನಯ ಇದ್ದದ್ದು ಸ್ವಲ್ಪವೇ ಬರುದು."

"ಮಿಲಿಟರಿಯವರ ಮಾತಿನ ಹಾಗೆ," ಎಂದೆ.

ನನ್ನ ಶಾಸ್ತ್ರ ಸುಲಭ. ಕೂಡುವ ದಿನ ಹೆಣ್ಣಾಡು ಎಂತ ನೋಡುತ್ತದೋ ಮರಿ ಅದರ ಹಾಗೆ. ಕಡಬದಲ್ಲಿ ಒಂದು ಆಡು ಆ ಹೊತ್ತಿಗೆ ಬಸ್ಸು ನೋಡುತ್ತಾ ನಿಂತಿತ್ತು. ಮರಿಗೆ ಕೆಂಪು ಮೈ, ಹೊಟ್ಟೆಯ ಸುತ್ತ ಬಿಳಿ ಪಟ್ಟೆ. ಓಡುವಾಗ ಪ್ರತಿ ಸ್ಟಾಪಿನಲ್ಲೂ ತಾನೇ ನಿಲ್ಲುತ್ತಿತ್ತು.

"ಆ ಮರಿ ಈಗ ಎಲ್ಲುಂಟು?" ಡಾಕ್ಟ್ರಮ್ಮ ಕೇಳಿದರು.

"ಪುತ್ತೂರಿಗೆ ಹೋಯ್ತು."

"ಹೇಗೆ?"

"ಅದಕ್ಕೆ ದಾರಿ ಗೊತ್ತಿತ್ತಲ್ಲ!"

ಡಾಕ್ಟ್ರಮ್ಮ ನಕ್ಕದ್ದು ನನಗೆ ಸರಿ ಕಾಣಲಿಲ್ಲ. ಅಂಗಳದಲ್ಲಿ ಊರಿನ ಆರೇಳು ಜನ ಬೇರೆ ನಿಂತಿದ್ದರು. ಬಾಯಿಂದ ಬಂದೇ ಬಿಟ್ಟಿತು: "ಕೆಂಪಿಯ ಮರಿಗೆ ಒಳಗೂದಲು ಬಂದರೆ ಕೆಂಪಿಯನ್ನು ನೀವೇ ಇಟ್ಟುಕೊಳ್ಳಿ. ಬಾರದಿದ್ದರೆ ಆ ಬೋಳು ಹೋತ ನನ್ನದು."

ಮಿಲಿಟರಿಯವರು ಅಲ್ಲೇ ಕೈ ಕುಲುಕಿ ಒಪ್ಪಿದರು. ಒಳಗಿನಿಂದ ನನ್ನ ಹೆಂಡತಿ, "ಇನ್ನು ಚಾ ಕುಡಿಯಲಿಕ್ಕೆ ಒಬ್ಬರೇ ಹೋಗಿ!" ಎಂದಳು. ಅವಳಿಗೆ ನನ್ನ ಮೇಲೆ ಅಷ್ಟು ನಂಬಿಕೆ.

ಮದುಮಗನ ನಿದ್ರೆ

ಮಳೆ ಹಿಡಿಯುವ ಮೊದಲು ಕೆಂಪಿ ಬೆದೆಗೆ ಬಂತು. ಮಿಲಿಟರಿಯವರು ಹೋತನನ್ನು ಜೀಪಿನಲ್ಲಿ ತಂದರು, ಜೊತೆಗೆ ಫ್ಯಾನೂ ಬಂತು. ಮದುಮಗ ಕೆಂಪಿಯ ಕಡೆ ತಿರುಗಿಯೂ ನೋಡದೆ ಫ್ಯಾನಿನ ಮುಂದೆ ಮಲಗಿದ. ಡಾಕ್ಟ್ರಮ್ಮ ಎಬ್ಬಿಸಿದರು, ಮಿಲಿಟರಿಯವರು ಹಿಂದಿಯಲ್ಲಿ ಆರ್ಡರ್ ಕೊಟ್ಟರು. ಕಡೆಗೆ ಕರೆಂಟು ಹೋಯಿತು. ಫ್ಯಾನು ನಿಂತದ್ದೇ ಎದ್ದ, ಬೇರೆ ಉಪಾಯ ಇಲ್ಲದೆ ಮದುವೆಯಾದ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಒಳಗೆ ಹೋದರು. ಕಾವಲಿಗೆ ನಾನು ಅಂಗಳದಲ್ಲೇ ನಿಂತೆ. ನನ್ನಂಥ ಪ್ರಾಮಾಣಿಕ ಕಾವಲುಗಾರ ಈ ತಾಲೂಕಿನಲ್ಲಿ ಇಲ್ಲ ಅಂತ ಊಟಕ್ಕೆ ಕೂತವರೆಲ್ಲ ನಂಬಿದ್ದರು.

ಎರಡು ಮರಿ

ನವರಾತ್ರಿ ಹೊತ್ತಿಗೆ ಕೆಂಪಿ ಅವಳಿ ಹಾಕಿತು, ಎರಡೂ ಹೆಣ್ಣು. ಒಳಗೂದಲು ಚಳಿಯಲ್ಲಿ ನೋಡಬೇಕು ಅಂತ ಡಾಕ್ಟ್ರಮ್ಮ ಹೇಳಿದ ಕಾರಣ ಸಂಕ್ರಾಂತಿವರೆಗೆ ಕಾದೆವು. ಆ ದಿನ ಅಂಗಳದಲ್ಲಿ ಊರೇ ಸೇರಿತ್ತು.

ಡಾಕ್ಟ್ರಮ್ಮ ಮೊದಲನೆಯ ಮರಿಯ ಬೆನ್ನಿನ ಕೂದಲು ಬಿಡಿಸಿದರು. ಒಳಗೆ ಚರ್ಮ, ಮತ್ತೆಂತ ಇಲ್ಲ. ನಾನು ಮೀಸೆ ತಿರುವಿದೆ. ಎರಡನೆಯದ್ದರ ಕೂದಲು ಬಿಡಿಸಿದರು. ಅಡಿಯಲ್ಲಿ ಬೆಳ್ಳಗೆ, ಅರಳೆಯ ಹಾಗೆ. ಮಿಲಿಟರಿಯವರು ಕುಣಿದೇ ಬಿಟ್ಟರು.

"ಒಂದಕ್ಕೆ ಬಂತು, ಒಂದಕ್ಕೆ ಇಲ್ಲ," ಎಂದೆ. "ಪಂಥ ಸಮ. ಅವರ ಹೋತ ಅವರಿಗೆ, ನನ್ನ ಕೆಂಪಿ ನನಗೆ."

ಡಾಕ್ಟ್ರಮ್ಮ ಮೊದಲನೆಯ ಮರಿಯ ಗದ್ದ ಎತ್ತಿ ನೋಡಿದರು. ಕೊರಳಿನಲ್ಲಿ ಕಿರುಬೆರಳಿನಷ್ಟು ಉದ್ದದ ಎರಡು ಮೊಲೆ ಜೋಲುತ್ತಿದ್ದವು, ಕೆಲವು ಆಡಿಗೆ ಇರ್ತದಲ್ಲ, ಹಾಗೆ.

"ಅಜ್ಜ, ಇದು ಸುಮ್ಮನೆ ಬರುದಿಲ್ಲ. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಗಾದರೂ ಇರಬೇಕು."

ಎಲ್ಲರೂ ಕೆಂಪಿಯ ಕೊರಳು ನೋಡಿದರು. ಇಲ್ಲ. ಪಂಥಕ್ಕೆ ಅಂತ ಜೀಪಿನಲ್ಲಿ ತಂದಿದ್ದ ಮಿಲಿಟರಿಯವರ ಹೋತನ ಕೊರಳು ನೋಡಿದರು. ಇಲ್ಲ. ಅಷ್ಟರಲ್ಲಿ ನನ್ನ ಹೋತ, ಯಾರೂ ಕರೆಯದೆ, ಕೊಟ್ಟಿಗೆಯ ಬದಿಯಿಂದ ಬಂದು ಎಲ್ಲರ ಮಧ್ಯೆ ಕತ್ತು ಉದ್ದ ಮಾಡಿ ನಿಂತ. ಎರಡೂ ಜೋಲುತ್ತಿದ್ದವು.

"ಒಂದೇ ಬಸಿರಿನಲ್ಲಿ ಇಬ್ಬರು ಅಪ್ಪಂದಿರು ಆಗ್ಲಿಕ್ಕುಂಟು," ಎಂದರು ಡಾಕ್ಟ್ರಮ್ಮ. "ಉಣ್ಣೆಯದ್ದು ಸರ್ ಅವರ ಹೋತನದ್ದು. ಉಣ್ಣೆ ಇಲ್ಲದ್ದು ನಿಮ್ಮವನದ್ದು, ಅದು ಪಂಥದ ಲೆಕ್ಕಕ್ಕಿಲ್ಲ. ಸೋತಿರಿ ಅಜ್ಜ."

ಊರಿಡೀ ನಕ್ಕಿತು. ನನ್ನ ಹೆಂಡತಿಯದ್ದೇ ದೊಡ್ಡ ನಗು. ನಾನು ಕೆಂಪಿಯ ಕುತ್ತಿಗೆಯಿಂದ ಹಗ್ಗ ಬಿಚ್ಚಿದೆ. ಆಡು ಕೊಟ್ಟರೂ ಹಗ್ಗ ಕೊಡುವ ಕ್ರಮ ನಮ್ಮಲ್ಲಿ ಇಲ್ಲ. ಮಿಲಿಟರಿಯವರು ಬೇರೆ ಹಗ್ಗ ಕಟ್ಟಿ ಕರೆದರು. ಕೆಂಪಿ ಒಮ್ಮೆ ನನ್ನ ಮುಖ ನೋಡಿತು, ಮತ್ತೆ ಹೋಯಿತು. ಜೀಪು ತಿರುವು ದಾಟುವವರೆಗೂ ನಾನು ಆ ಕಡೆ ನೋಡಲೇ ಇಲ್ಲ, ಹಗ್ಗ ಸುತ್ತುತ್ತಾ ಇದ್ದೆ.

ಡಾಕ್ಟ್ರಮ್ಮ ಮಾತ್ರ ಹೋಗದೆ ನಿಂತಿದ್ದರು.

"ಅಜ್ಜ, ಒಂದು ಕೇಳ್ತೇನೆ. ಆ ದಿನ ನಿಮ್ಮ ಹೋತನನ್ನು ಕೊಟ್ಟಿಗೆಗೆ ಹಾಕಿ ಹೊರಗಿನಿಂದ ಚಿಲಕ ಹಾಕಿದ್ದು ನಾನೇ. ಒಳಗೆ ಇದ್ದವ ಹೊರಗಿನ ಚಿಲಕ ತೆಗೆದದ್ದು ಹೇಗೆ?"

ನಾನು ಹೆಗಲು ಹಾರಿಸಿದೆ.

"ಅವನ ಅಪ್ಪನೂ ತೆಗೀತಿದ್ದ ಡಾಕ್ಟ್ರೆ."